ಪೆಯೋಟಿ, ಬ್ರಿಕ್, ರೈಟ್ ಆ್ಯಂಗಲ್: ಮಣಿ ಹೆಣಿಗೆಗೆ ಯಾವುದರಿಂದ ಶುರು?

ಏನು ಮಾಡಿಕೊಳ್ಳುವ ಆಸೆ ಎಂದು ಮೊದಲು ತೀರ್ಮಾನಿಸಿ. ಸೂಜಿ-ದಾರದಲ್ಲಿ ಮಣಿ ಹೆಣೆಯುವ ಈ ಮೂರು ಹೊಲಿಗೆಗಳಲ್ಲಿ ಯಾವುದು ಎಂಬ ಆಯ್ಕೆ ಅದರ ಮೇಲಿದೆ.

ಪೆಯೋಟಿಯಲ್ಲಿ ಹಿಂದಿನ ಸಾಲಿನ ಸಂದಿಗಳಲ್ಲಿ ಒಂದೊಂದೇ ಮಣಿ ಕೂರಿಸುತ್ತಾ ಹೋಗಬೇಕು. ಕಲಿಯುವಾಗ ಮೊದಲ ಮೂರು ಸಾಲು ತಿರುಚಿಕೊಂಡು ಸತಾಯಿಸುತ್ತವೆ. ಅಲ್ಲಿಗೇ ಬಿಡಬೇಡಿ, ಆಮೇಲೆ ಕೈ ಸಲೀಸಾಗಿ ಓಡುತ್ತದೆ. ಸಾಲಿಗೆ ಸಮಸಂಖ್ಯೆಯ ಮಣಿಗಳಿರಲಿ. ಬೆಸಸಂಖ್ಯೆಯಾದರೆ ಅಂಚಿನಲ್ಲಿ ತಿರುಗುವುದು ಗೋಜಲು. ಬ್ರಿಕ್‌ನಲ್ಲಿ ಹಿಂದಿನ ಸಾಲಿನ ಮಣಿಗಳ ನಡುವೆ ಕಾಣುವ ದಾರಕ್ಕೆ ಸೂಜಿ ಸಿಕ್ಕಿಸಬೇಕು. ಕೆಲಸ ನಿಧಾನ, ಆದರೆ ಪ್ರತಿ ಮಣಿಯೂ ಆಗಲೇ ನೆಟ್ಟಗೆ ಕೂರುತ್ತದೆ. ರೈಟ್ ಆ್ಯಂಗಲ್‌ನಲ್ಲಿ ನಾಲ್ಕು ನಾಲ್ಕು ಮಣಿಗಳ ಚೌಕ. ದಾರ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಸುತ್ತುವುದರಿಂದ ದಿಕ್ಕು ತಪ್ಪುವುದು ಸಹಜ.

ಖರ್ಚಿನಲ್ಲಿ ಪೆಯೋಟಿ, ಬ್ರಿಕ್ ಎರಡೂ ಸ್ವಲ್ಪ ದುಬಾರಿ. ಮಣಿಗಳ ಅಳತೆ ಏರುಪೇರಾದರೆ ಅಂಚು ಸೊಟ್ಟಗಾಗುತ್ತದೆ, ಹಾಗಾಗಿ ಜಪಾನಿನ ಮಿಯುಕಿ ಕಂಪನಿಯ ಡೆಲಿಕಾದಂಥ ಒಂದೇ ಅಳತೆಯ ಮಣಿಗಳೇ ಚೆಂದ. ರೈಟ್ ಆ್ಯಂಗಲ್ಲನ್ನು 4 ಮಿ.ಮೀ. ಗುಂಡು ಮಣಿಗಳಲ್ಲೇ ಕಲಿಯಬಹುದು. ಆದರೆ ಒಂದೇ ಮಣಿಯಲ್ಲಿ ದಾರ ಹಲವು ಬಾರಿ ಹಾಯುವುದರಿಂದ ತೆಳು ಸೂಜಿ ಬೇಕೇ ಬೇಕು.

ಚಿತ್ತಾರದ ಅಗಲ ಕೈಪಟ್ಟಿಗೆ ಪೆಯೋಟಿ ಹಿಡಿಯಿರಿ. ತ್ರಿಕೋನದ ಓಲೆಗೆ ಬ್ರಿಕ್. ಸಾಲು ಸಾಲಿಗೆ ಒಂದು ಮಣಿ ತಾನಾಗಿ ಕಡಿಮೆಯಾಗುತ್ತದೆ. ಕೊರಳಿಗೆ ಬಟ್ಟೆಯಂತೆ ಮೆತ್ತಗೆ ಬೀಳುವ ಹಾರ ಬೇಕೇ? ಗೊಂದಲ ಸಹಿಸಿಕೊಂಡು ರೈಟ್ ಆ್ಯಂಗಲ್ಲನ್ನೇ ಕಲಿಯಿರಿ.