ಮಡಕೆ ಸುಡುವ ಆವಿಗೆಗೆ ಕೋಟಿಂಗ್ ಹೊಡೀತೀವಿ ಅಂತ ಬಂದರೆ ಹುಷಾರು

ಅರಸೀಕೆರೆ ಕಡೆ ಕುಂಬಾರಿಕೆ ಮಾಡುವವರು ದಯವಿಟ್ಟು ಓದಿ. ಬೈಕಿನಲ್ಲಿ ಒಬ್ಬ ಬರುತ್ತಾನೆ, ಹಿಂದೆ ಬಿಳಿ ಬಕೆಟ್. "ಆವಿಗೆ ಒಳಗೋಡೆಗೆ ಇದನ್ನು ಬಳಿದರೆ ಸೌದೆ ಅರ್ಧ ಸಾಕು ಅಣ್ಣ, 1,600 ಡಿಗ್ರಿ ತಡೆಯುತ್ತೆ" ಅಂತಾನೆ. ನಮ್ಮ ಮಡಕೆ ಬೇಯುವುದೇ 800, 900 ಡಿಗ್ರಿಗೆ. ನನಗೆ 1,600 ಯಾಕೆ ಬೇಕು? ಆಗ ಹೊಳೆಯಲಿಲ್ಲ.

14,000 ರೂಪಾಯಿ ಕೊಟ್ಟೆ. ವಿಶ್ವಕರ್ಮ ಯೋಜನೆಯ ಸಾಲದ ದುಡ್ಡು. ಬಡ್ಡಿ 5 ಪರ್ಸೆಂಟೇ ಇರಬಹುದು, ಕಟ್ಟಬೇಕಾದವನು ನಾನೇ ಅಲ್ವಾ.

ಮೋಸ ಹೋಗಿದ್ದು ಹೇಗೆ ಅಂತ ಹೇಳಲು ನಾಚಿಕೆ. ಕೋಟಿಂಗ್ ಬಳಿದ ಇಟ್ಟಿಗೆಯ ಒಂದು ಮುಖಕ್ಕೆ ಎರಡು ನಿಮಿಷ ಗ್ಯಾಸ್ ಬೆಂಕಿ ಹಿಡಿದ. ಹಿಂದೆ ನನ್ನ ಕೈ ಇಡಿಸಿದ. ತಣ್ಣಗಿತ್ತು! ಎಲ್ಲ ಮುಗಿದ ಮೇಲೆ ಏನೂ ಬಳಿಯದ ಇಟ್ಟಿಗೆಗೆ ನಾನೇ ಬೆಂಕಿ ಹಿಡಿದು ನೋಡಿದೆ. ಅದೂ ತಣ್ಣಗೇ ಇತ್ತು. ಎರಡು ನಿಮಿಷಕ್ಕೆ ಯಾವ ಇಟ್ಟಿಗೆಯ ಬೆನ್ನು ಕಾಯುತ್ತದೆ? ಹುಟ್ಟಿದಾಗಿನಿಂದ ಆವಿಗೆ ಮುಂದೆ ಕೂತವನು ನಾನು. ನನಗೇ ಗೊತ್ತಾಗಲಿಲ್ಲ.

"ಒಣಗಿಸೋದೇನೂ ಬೇಡ, ನಾಳೆನೇ ಉರಿ ಹಾಕಿ" ಅಂದ. ಹಾಕಿದೆ. ಹಸಿ ಲೇಪದೊಳಗಿನ ನೀರು ಆವಿಯಾಗಿ ಪದರ ಪದರವಾಗಿ ಕಿತ್ತುಬಂತು. ದೀಪಾವಳಿಗೆ ಮಾಡಿದ್ದ ಹಣತೆಗಳ ಮೇಲೆ ಬಿದ್ದು ಗಾಜಿನ ಹಾಗೆ ಅಂಟಿಕೊಂಡಿತು. ಸುಮಾರು 3,000 ಹಣತೆ ಹಾಳು.

ಫೋನ್ ಮಾಡಿದೆ. "ಏನು ಉರಿಸಿದ್ರಿ?" ತೆಂಗಿನ ಮಟ್ಟೆ ಅಂದೆ. "ಅದೇ ತಪ್ಪು ಅಣ್ಣ, ಮಟ್ಟೆ ಬೂದಿ ಕೋಟಿಂಗನ್ನ ತಿನ್ನುತ್ತೆ." ಅಯ್ಯೋ, ದುಡ್ಡು ಎಣಿಸುವಾಗ ಮಟ್ಟೆ ರಾಶಿಗೇ ಒರಗಿ ನಿಂತಿದ್ದೆಯಲ್ಲಪ್ಪ! ಅರಸೀಕೆರೆಯಲ್ಲಿ ಮಟ್ಟೆ ಬಿಟ್ಟು ಇನ್ನೇನು ಉರಿಸಲಿ? ಇನ್ನೊಂದು ಸಲ ಮಾಡಿದಾಗ "ನಿಮ್ಮ ಇಟ್ಟಿಗೆನೇ ಸರಿಯಿಲ್ಲ, ಸೆಕೆಂಡ್ ಕೋಟ್ ಬೇಕು, 6,000 ಕೊಡಿ" ಅಂದ. ಆಮೇಲೆ ಫೋನೇ ಎತ್ತಲಿಲ್ಲ. ಬಿಲ್ ಕೇಳಿರಲಿಲ್ಲ, ಅದೂ ನನ್ನದೇ ತಪ್ಪು.

ನಿಜವಾದ ಲೇಪ ಇಲ್ಲ ಅಂತಲ್ಲ. ಅಲ್ಯೂಮಿನಾ ಪುಡಿ, ಬಿಳಿ ಚೀನಾ ಜೇಡಿ ಕಲಸಿ ಮಾಡುತ್ತಾರೆ. ತೆಳ್ಳಗೆ ಬಳಿದು, ಚೆನ್ನಾಗಿ ಒಣಗಿಸಿ, ಮೊದಲ ಉರಿ ನಿಧಾನಕ್ಕೆ ಕೊಡಬೇಕು. ಯಾರಾದರೂ ಬಂದರೆ ಒಳಗೆ ಏನು ಹಾಕಿದ್ದೀಯ ಅಂತ ಕೇಳಿ. ಗೋಡೆಯಲ್ಲಿ ಒಂದು ಗೇಣು ಮಾತ್ರ ಬಳಿಸಿ. ಎರಡು ಸಲ ಸುಟ್ಟ ಮೇಲೆ ದುಡ್ಡು ಕೊಡಿ. ಒಪ್ಪದಿದ್ದರೆ ಬೈಕ್ ಹತ್ತಿಸಿ ಕಳಿಸಿ.

ಇದನ್ನು ಈಗ ಬರೆಯಲು ಕಾರಣ, ನಿನ್ನೆ ಪಕ್ಕದೂರಿನವರು ಫೋನ್ ಮಾಡಿದ್ದರು. ಅವನು ನನ್ನ ಆವಿಗೆಯ ಫೋಟೋ ತೋರಿಸಿ, ನನ್ನ ಹೆಸರು ಹೇಳಿ ಬಕೆಟ್ ಮಾರುತ್ತಿದ್ದಾನಂತೆ. ಬೆಳ್ಳಗೆ ಮಿಂಚುತ್ತಿದೆಯಂತೆ. ಅದು ಬಳಿದ ಸಂಜೆ ತೆಗೆದ ಫೋಟೋ, ಉರಿ ಹಾಕುವ ಮೊದಲಿನದು.