ಅಪ್ಪನ ಟಿವಿ ಪೆಟ್ಟಿಗೆಗೆ ಯಾವ ಓಎಸ್? ನಾಲ್ಕನ್ನೂ ಹಾಕಿ ನೋಡಿದೆ

ಸಾಗರದ ಮನೆಯಲ್ಲಿ ಅಪ್ಪನಿಗೆಂದು ಟಿವಿ ಪಕ್ಕಕ್ಕೆ ಒಂದು ಸಣ್ಣ ಕಂಪ್ಯೂಟರ್ ಜೋಡಿಸಿಕೊಟ್ಟೆ. ಐ3-7100 ಪ್ರೊಸೆಸರ್, 8 ಜಿಬಿ ರ‍್ಯಾಮ್, 120 ಜಿಬಿ ಎಸ್‌ಎಸ್‌ಡಿ. ಜೊತೆಗೆ ಅಪ್ಪ ಕೂಡಿಟ್ಟ ಯಕ್ಷಗಾನ ರೆಕಾರ್ಡಿಂಗುಗಳ 2 ಟಿಬಿ ಹಾರ್ಡ್‌ಡಿಸ್ಕ್. ಪ್ರೊಸೆಸರ್, ಬೋರ್ಡ್ ಎರಡೂ ಬೆಂಗಳೂರಿನ ಎಸ್‌ಪಿ ರೋಡಿನ ಸೆಕೆಂಡ್ ಹ್ಯಾಂಡ್ ಮಾಲು. ಏಳನೇ ತಲೆಮಾರಿನ ಚಿಪ್ಪೇ ಬೇಕು ಅಂತ ಹುಡುಕಿದ್ದೆ. 10 ಬಿಟ್ ಎಚ್‌ಇವಿಸಿ (ವಿಡಿಯೋವನ್ನು ಕುಗ್ಗಿಸಿಡುವ ಒಂದು ವಿಧಾನ) ವಿಡಿಯೋವನ್ನು ಇದರ ಗ್ರಾಫಿಕ್ಸ್ ಭಾಗ ಪೂರ್ತಿ ತಾನೇ ಬಿಡಿಸುತ್ತದೆ, ಆರನೇ ತಲೆಮಾರಿಗೆ ಅದು ಬರುವುದಿಲ್ಲ. ಬೋರ್ಡಿನ ಎಚ್‌ಡಿಎಂಐ ಹಳೇದು, 4ಕೆ ಹಾಕಿದರೆ 30 ಹರ್ಟ್ಸ್‌ಗೆ (ಸೆಕೆಂಡಿಗೆ 30 ಫ್ರೇಮ್) ನಿಲ್ಲುತ್ತದೆ. ಸಿನಿಮಾ ಇರುವುದೇ ಸೆಕೆಂಡಿಗೆ 24 ಫ್ರೇಮ್, ಹಾಗಾಗಿ ತಲೆ ಕೆಡಿಸಿಕೊಳ್ಳಲಿಲ್ಲ.

ಇನ್ನು ಓಎಸ್, ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ಸಾಫ್ಟ್‌ವೇರ್. ವಿಂಡೋಸ್ 10 ಹೋಮ್, ಅದರದೇ ಪ್ರೋ, ಲಿನಕ್ಸ್ ಮಿಂಟ್, ಲಿಬ್ರೆಎಲೆಕ್. ನಾಲ್ಕರಲ್ಲೂ ವಿಡಿಯೋ ತೋರಿಸಿದ್ದು ಕೋಡಿ ಅನ್ನುವ ಒಂದೇ ಪ್ಲೇಯರ್ ಪ್ರೋಗ್ರಾಂ. ಆದರೆ ಅಪ್ಪ ನನಗೆ ಫೋನ್ ಮಾಡುವ ಲೆಕ್ಕ ಮಾತ್ರ ಒಂದೊಂದರಲ್ಲಿ ಒಂದೊಂದು ಥರ ಇತ್ತು.

ಮೊದಲು ಹೋಮ್. ವಿಡಿಯೋ ಚೆನ್ನಾಗಿ ಓಡಿತು, ಧ್ವನಿಯೂ ಸರಿ. ಬ್ರೌಸರಿನಲ್ಲಿ ಒಟಿಟಿಯೂ ಬಂತು. ಎರಡನೇ ವಾರ ಫೋನ್. "ತಮಾ, ರಿಮೋಟಿನ ಸೆಲ್ ಹೋದಂಗೆ ಕಾಣ್ತು." ಹೊಸ ಸೆಲ್ ಹಾಕಿಸಿದೆ. ನಾಲ್ಕು ದಿನಕ್ಕೆ ಮತ್ತೆ ಅದೇ ದೂರು. ಊರಿಗೆ ಹೋಗಿ ಎದುರಿಗೆ ಕೂತು ನೋಡಿದಾಗ ಗೊತ್ತಾಯಿತು, ಸೆಲ್ ಸರಿಯಾಗೇ ಇತ್ತು. ಹಿಂದೆ ಯಾವುದೋ ಪ್ರೋಗ್ರಾಂ ಒಂದು ಕಿಟಕಿ ತೆರೆದಿತ್ತು. ಒತ್ತಿದ ಗುಂಡಿಗಳೆಲ್ಲ ಆ ಕಿಟಕಿಗೆ ಹೋಗುತ್ತಿದ್ದವು, ಕೋಡಿಗೆ ತಲುಪುತ್ತಲೇ ಇರಲಿಲ್ಲ. ಮೌಸ್ ತಗೊಂಡು ಒಂದು ಸಲ ಕ್ಲಿಕ್ ಮಾಡಿದರೆ ಮುಗಿಯಿತು. ಆದರೆ ಸೋಫಾದಲ್ಲಿ ಕಾಲು ಚಾಚಿ ಕೂತ ಎಪ್ಪತ್ತು ದಾಟಿದವರಿಗೆ ಮೌಸ್ ಎಲ್ಲಿಂದ ತರಲಿ? ಒಮ್ಮೆ ತಾಳಮದ್ದಲೆಯ ನಡುವೆಯೇ ಅಪ್‌ಡೇಟ್ ಅಂತ ರೀಸ್ಟಾರ್ಟ್ ಆಯಿತು. ಅದು ನನ್ನದೇ ತಪ್ಪು. ಆಕ್ಟಿವ್ ಅವರ್ಸ್ ಅಂತ ದಿನಕ್ಕೆ 18 ಗಂಟೆವರೆಗೂ ಗೊತ್ತು ಮಾಡಬಹುದು, ನಾನು ಮಾಡಿರಲಿಲ್ಲ.

ಪ್ರೋಗೆ ಹೋಗಿದ್ದು ರಿಮೋಟ್ ಡೆಸ್ಕ್‌ಟಾಪ್ (ದೂರದಿಂದಲೇ ಕಂಪ್ಯೂಟರ್ ನಡೆಸುವ ಸೌಲಭ್ಯ) ಆಸೆಗೆ. ಹೋಮ್ ಇರುವ ಕಂಪ್ಯೂಟರಿಗೆ ಹೊರಗಿನಿಂದ ಅದರಲ್ಲಿ ಒಳಹೊಗಲು ಆಗುವುದಿಲ್ಲ, ಪ್ರೋ ಆದರೆ ಆಗುತ್ತದೆ. ವಿಪಿಎನ್ (ಇಂಟರ್ನೆಟ್ ಮೇಲೆ ಎರಡು ಕಡೆಯ ನಡುವಿನ ಖಾಸಗಿ ದಾರಿ) ಹಾಕಿ, ಬೆಂಗಳೂರಿನಲ್ಲಿ ಕೂತೇ ಎಲ್ಲ ಸರಿ ಮಾಡುತ್ತೇನೆ ಅಂದುಕೊಂಡೆ. ಒಳಗೇನೋ ಹೋದೆ. ಕೂಡಲೇ ಫೋನ್: ಟಿವಿಯಲ್ಲಿ ಪಾಸ್‌ವರ್ಡ್ ಕೇಳ್ತಾ ಇದೆ ಅಂತ. ವಿಷಯ ಏನೆಂದರೆ, ದೂರದಿಂದ ಒಬ್ಬರು ಒಳಹೊಕ್ಕರೆ ಅಲ್ಲಿನ ಪರದೆ ಲಾಕ್ ಆಗುತ್ತದೆ. ಧ್ವನಿಯೂ ನನ್ನ ಲ್ಯಾಪ್‌ಟಾಪಿಗೆ ಬಂತು. ಆಫೀಸ್ ಕಂಪ್ಯೂಟರಿಗೆ ಸರಿಯಾದ ಏರ್ಪಾಡು, ಟಿವಿಗಲ್ಲ. ಎನಿಡೆಸ್ಕ್ ಅನ್ನುವ ಬೇರೆ ಪ್ರೋಗ್ರಾಂ ಹಾಕಿದರೆ ಹೋಮ್‌ನಲ್ಲೇ ಇಬ್ಬರಿಗೂ ಒಂದೇ ಪರದೆ ಕಾಣುತ್ತದೆ. ಪ್ರೋದಲ್ಲಿ ಗ್ರೂಪ್ ಪಾಲಿಸಿ ಅನ್ನುವ ಸೆಟ್ಟಿಂಗಿನಿಂದ ಅಪ್‌ಡೇಟುಗಳನ್ನು ಜಾಸ್ತಿ ದಿನ ಮುಂದೂಡಬಹುದು, ಅದೊಂದು ಲಾಭ. ಅದಕ್ಕಾಗಿ ಜಾಸ್ತಿ ದುಡ್ಡು ಕೊಡುವುದು ದಂಡ. ವಿಂಡೋಸ್ 7 ಕಾಲದಲ್ಲಿ ಎಡಿಷನ್ ಪ್ರಶ್ನೆಗೆ ಅರ್ಥ ಇತ್ತು. ಹೋಮ್ ಬೇಸಿಕ್‌ನಲ್ಲಿ ಮೀಡಿಯಾ ಸೆಂಟರ್ (ಟಿವಿಯಲ್ಲಿ ವಿಡಿಯೋ ನೋಡಲು ಇದ್ದ ಪ್ರೋಗ್ರಾಂ) ಇರಲಿಲ್ಲ, ಹೋಮ್ ಪ್ರೀಮಿಯಂನಲ್ಲಿ ಇತ್ತು. 2015ರಲ್ಲಿ ವಿಂಡೋಸ್ 10 ಬಂದಾಗ ಅದನ್ನೇ ಕೈಬಿಟ್ಟರು.

ಇನ್ನೊಂದು ತೊಡಕು. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 11ಕ್ಕೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೇ ತಲೆಮಾರಿನಿಂದ ಮೇಲಿನದು ಬೇಕು. ನನ್ನ ಚಿಪ್ಪು ಒಂದೇ ಮೆಟ್ಟಿಲು ಕೆಳಗೆ!

ಮಿಂಟ್ ನನಗಂತೂ ಇಷ್ಟವಾಯಿತು. ಪುಕ್ಕಟೆ, ಹಗುರ, ಪಹಣಿ ತೆಗೆದು ಪ್ರಿಂಟ್ ಹಾಕಲೂ ಬಂತು. ಆದರೆ ಆಂಪ್ಲಿಫೈಯರಿಗೆ 5.1 ಧ್ವನಿಯನ್ನು ಇದ್ದ ಹಾಗೇ ಕಳಿಸಲು ಒಂದು ಸಂಜೆ ಹಿಡಿಯಿತು. ಡೆಸ್ಕ್‌ಟಾಪಿನ ಸೌಂಡ್ ಸರ್ವರ್ ನಡುವೆ ಕೂತಿತ್ತು, ಕೋಡಿಯನ್ನು ನೇರ ಅಲ್ಸಾಗೆ (ಲಿನಕ್ಸಿನ ತಳದ ಧ್ವನಿ ವ್ಯವಸ್ಥೆ) ಕಟ್ಟಿದ ಮೇಲೆ ಸರಿಹೋಯಿತು. ಇಲ್ಲೂ ಡೆಸ್ಕ್‌ಟಾಪ್ ಇದೆ, ಅಂದರೆ ಕಿಟಕಿಗಳೂ ಇವೆ, ಅಂದರೆ ರಿಮೋಟಿನ ಅದೇ ಕಥೆ.

ಕೊನೆಗೆ ಲಿಬ್ರೆಎಲೆಕ್. ಕೋಡಿ ಓಡಲು ಎಷ್ಟು ಬೇಕೋ ಅಷ್ಟೇ ಓಎಸ್, ಮೇಲೊಂದು ತೊಟ್ಟೂ ಇಲ್ಲ. ಬೂಟ್ ಆದರೆ ಸೀದಾ ಕೋಡಿ. ಹಿಂದೆ ಬೇರೆ ಕಿಟಕಿಯೇ ಇಲ್ಲ, ಹಾಗಾಗಿ ಒತ್ತಿದ ಗುಂಡಿ ಹೋಗಬೇಕಾದಲ್ಲಿಗೇ ಹೋಗುತ್ತದೆ. ಧ್ವನಿಗೂ ಏನೂ ಕಿತಾಪತಿ ಬೇಕಾಗಲಿಲ್ಲ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲು ಬರುವುದಿಲ್ಲ, ಯುಪಿಎಸ್ ಇಟ್ಟಿಲ್ಲ. ಇದರ ಸಿಸ್ಟಂ ಭಾಗ ಓದಲು ಮಾತ್ರ ಬರುವ ಒಂದೇ ಫೈಲು. ಬರೆಯುವುದೆಲ್ಲ ಡಿಸ್ಕಿನ ಬೇರೆ ಭಾಗದಲ್ಲಿ, ಹಾಗಾಗಿ ಕರೆಂಟ್ ಹೋದರೂ ಸಿಸ್ಟಂ ಕೆಡುವುದು ಕಡಿಮೆ. ಈ ಆಷಾಢದಲ್ಲಿ ಅದೆಷ್ಟು ಸಲ ಧುಮ್ ಅಂತ ಆಫ್ ಆಯಿತೋ, ಪ್ರತಿ ಸಲ ಎದ್ದು ನಿಂತಿದೆ.

ಕೊರತೆ ಇಲ್ಲದೆ ಇಲ್ಲ. ಬ್ರೌಸರ್ ಇಲ್ಲ, ಪ್ರಿಂಟರ್ ಇಲ್ಲ. ಒಟಿಟಿಯನ್ನು ಟಿವಿಯ ಒಳಗಿನ ಆ್ಯಪಿಗೇ ಬಿಟ್ಟೆ. ಪಹಣಿಗೆ ಅಪ್ಪ ಈಗ ಪೇಟೆಗೇ ಹೋಗುತ್ತಾರೆ, ಹೋದಂತೆ ಒಂದು ಕಾಫಿಯೂ ಆಗುತ್ತದೆ. ಕನ್ನಡದ ಫೈಲ್ ಹೆಸರುಗಳು ಸಾಲು ಸಾಲು ಚೌಕಗಳಾಗಿ ಕಂಡವು (ಬೇರೆ ಓಎಸ್‌ಗಳಲ್ಲೂ ಹಾಗೇ, ಕೋಡಿಯ ಸ್ಕಿನ್ ತನ್ನದೇ ಫಾಂಟ್ ಬಳಸುತ್ತದೆ). ಅದಕ್ಕೆ ಪ್ರತಿ ಪ್ರಸಂಗಕ್ಕೂ ಒಂದೊಂದು ವೇಷದ ಫೋಟೋ ಅಂಟಿಸಿದೆ. ಅಪ್ಪ ಹೆಸರು ಓದುವುದನ್ನೇ ಬಿಟ್ಟಿದ್ದಾರೆ, ಕಿರೀಟ ನೋಡಿ ಒತ್ತುತ್ತಾರೆ.

ನಿಮ್ಮ ಪ್ರೊಸೆಸರ್ ಎಂಟನೇ ತಲೆಮಾರು ಅಥವಾ ಮೇಲಿನದಾಗಿ, ನೋಡುವುದು ಜಾಸ್ತಿ ಒಟಿಟಿಯೇ ಆದರೆ ಸುಮ್ನೆ ವಿಂಡೋಸ್ 11 ಹೋಮ್ ಹಾಕಿ. ನಿಮ್ಮದೇ ಫೈಲುಗಳಾದರೆ ಲಿಬ್ರೆಎಲೆಕ್. ಅದರಲ್ಲೂ ಎರಡು ಬಗೆ ಇದೆ. ಇಂಟೆಲ್, ಎಎಂಡಿ ಗ್ರಾಫಿಕ್ಸಿಗೆ ಜೆನೆರಿಕ್, ಎನ್‌ವಿಡಿಯಾ ಕಾರ್ಡಿಗೆ ಜೆನೆರಿಕ್ ಲೆಗಸಿ. ವಿಂಡೋಸಿನಿಂದ ಬರುವವರು ಮೊದಲು ಅಲ್ಲಿ ಫಾಸ್ಟ್ ಸ್ಟಾರ್ಟಪ್ (ಪೂರ್ತಿ ಆಫ್ ಆಗದೆ ಅರ್ಧ ನಿದ್ದೆಗೆ ಹೋಗುವ ಸೌಲಭ್ಯ) ಆಫ್ ಮಾಡಿ, ಪೂರ್ತಿ ಶಟ್‌ಡೌನ್ ಮಾಡಿ. ಇಲ್ಲದಿದ್ದರೆ ಹಳೇ ಡಿಸ್ಕ್ ಇಲ್ಲಿ ಓದಲು ಸಿಗುತ್ತದೆ, ಬರೆಯಲು ಸಿಗುವುದಿಲ್ಲ. ನನಗೆ ಹಾಗೇ ಆಗಿತ್ತು. ಇನ್ನು ಇನ್‌ಸ್ಟಾಲರ್ ನೀವು ತೋರಿಸಿದ ಡಿಸ್ಕನ್ನು ಪೂರ್ತಿ ಒರೆಸುತ್ತದೆ. ಹಾಗಾಗಿ ಶುರು ಮಾಡುವ ಮೊದಲೇ ಯಕ್ಷಗಾನದ ಡಿಸ್ಕಿನ ಸಾಟಾ ಕೇಬಲ್ ಕಿತ್ತು ಪಕ್ಕಕ್ಕೆ ಇಟ್ಟಿದ್ದೆ.