ಅವೆನ್ಯೂ ರಸ್ತೆಯ ಬೈಂಡಿಂಗ್ ಅಂಗಡಿಯಲ್ಲಿ ನಮ್ಮ ಸಭೆಯ ಸತ್ಯವೇದ

ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ರೈಸ್ ಮೆಮೋರಿಯಲ್ ಚರ್ಚಿನಿಂದ ನಡೆದುಹೋಗುವಷ್ಟು ದೂರದ ಒಂದು ಓಣಿಯಲ್ಲಿ ಈ ಬೈಂಡಿಂಗ್ ಅಂಗಡಿ ಇದೆ. ಹೊರಗೆ ಹೆಸರಿನ ಫಲಕವಿಲ್ಲ. ಬಾಗಿಲಲ್ಲಿ ಅಡುಕಿಟ್ಟಿರುವ ಕೆಂಪು ಬೆನ್ನಿನ ಲೆಕ್ಕದ ಪುಸ್ತಕಗಳೇ ಗುರುತು. ನಮ್ಮ ಕ್ರೈಸ್ತ ಸಭೆಯ ಪೀಠದ ಮೇಲಿರುವ ದೊಡ್ಡ ಅಕ್ಷರದ ಕನ್ನಡ ಸತ್ಯವೇದವನ್ನು (ಬೈಬಲನ್ನು) ಇಲ್ಲಿ ಹೊಸದಾಗಿ ಹೊಲಿಸಿ, ರಟ್ಟು ಕಟ್ಟಿಸಿದ್ದೇವೆ. ಇದೇ ಕೆಲಸಕ್ಕೆ ಯೋಗ್ಯರನ್ನು ಹುಡುಕುತ್ತಿರುವ ಬೇರೆ ಸಭೆಗಳಿಗೂ ಮನೆಗಳಿಗೂ ಉಪಯೋಗವಾಗಲೆಂದು, ಸಭಾಪಾಲಕನಾಗಿ ನನಗೆ ಕಂಡದ್ದನ್ನು ಬರೆಯುತ್ತಿದ್ದೇನೆ.

ಎಂ.ಜಿ. ರಸ್ತೆಯ ಬೈಬಲ್ ಸೊಸೈಟಿಗೆ ಹೋದರೆ ಹೊಸ ಪ್ರತಿಯೇ ಸಿಗುವಾಗ ಹಳೆಯದಕ್ಕೆ ಹಣ ಹಾಕುವುದೇಕೆ ಎಂದು ಕಮಿಟಿಯಲ್ಲಿ ಕೇಳಿದವರಿದ್ದರು. ಪ್ರಶ್ನೆ ನ್ಯಾಯವಾದದ್ದೇ. ಎರಡರಲ್ಲಿಯೂ ಇರುವುದು ಅದೇ ವಾಕ್ಯ. ಹಳೆಯ ಕಾಗದಕ್ಕೆ ಬೇರೊಂದು ಪವಿತ್ರತೆ ಉಂಟೆಂದು ನಾನು ಬೋಧಿಸುವವನಲ್ಲ. ಆದರೆ ಈ ಪ್ರತಿಯ ಅಂಚುಗಳಲ್ಲಿ, ನನಗಿಂತ ಮುಂಚೆ ಇಲ್ಲಿ ಸೇವೆ ಮಾಡಿದ ಅಯ್ಯನವರುಗಳು ಪೆನ್ಸಿಲಿನಲ್ಲಿ ಬರೆದಿಟ್ಟ ಗುರುತುಗಳಿವೆ: 90ನೆಯ ಕೀರ್ತನೆಯ ಪಕ್ಕದಲ್ಲಿ ಅದನ್ನು ಯಾರ ಯಾರ ಅಂತ್ಯಕ್ರಿಯೆಯಲ್ಲಿ ಓದಲಾಯಿತೆಂಬುದು, 1 ಕೊರಿಂಥ 13ರ ಪಕ್ಕದಲ್ಲಿ ಮದುವೆಗಳ ದಿನಾಂಕಗಳು. ಇಂದು ನಮ್ಮ ಬೆಂಚುಗಳಲ್ಲಿ ಕುಳಿತಿರುವ ಅನೇಕರ ಅಜ್ಜ ಅಜ್ಜಿಯರು ಆ ಅಂಚಿನಲ್ಲಿದ್ದಾರೆ.

ಆದುದರಿಂದಲೇ ನಾನು ಮೊದಲು ಕೇಳಿದ್ದು ಅಂಚಿನ ವಿಷಯ. ಹೊಲಿಗೆ ಮುಗಿದ ಮೇಲೆ ಪುಸ್ತಕದ ಮೂರು ಬದಿಗಳನ್ನೂ ಯಂತ್ರದಲ್ಲಿ ಕತ್ತರಿಸಿ ಸಮ ಮಾಡುವುದು ಈ ಕಸುಬಿನ ರೂಢಿ. ನೋಟಕ್ಕೆ ಅಂದ, ಆದರೆ ಬರಹವಿದ್ದರೆ ಅದೂ ಹೋಗುತ್ತದೆ. ಯೆರೆಮೀಯನ 36ನೆಯ ಅಧ್ಯಾಯದಲ್ಲಿ ಅರಸನಾದ ಯೆಹೋಯಾಕೀಮನು ಸುರುಳಿಯನ್ನು ಓದಿಸುತ್ತಾ ಓದಿಸುತ್ತಾ ಚೂರಿಯಿಂದ ಕೊಯ್ದು ಬೆಂಕಿಗೆ ಹಾಕಿಸಿದಾಗ, ಯೆರೆಮೀಯನ ಲಿಪಿಕಾರನಾದ ಬಾರೂಕನು ಆ ಪ್ರವಾದಿಯ ಬಾಯಿಂದ ಕೇಳಿ ಅದನ್ನೆಲ್ಲ ಮತ್ತೆ ಬರೆದನು. ನಮ್ಮ ಅಂಚಿನ ಬರಹಗಳನ್ನು ಮತ್ತೆ ಹೇಳಿ ಬರೆಸಬಲ್ಲವರು ಈಗ ಯಾರೂ ಉಳಿದಿಲ್ಲ. ಅಂಗಡಿಯ ಯಜಮಾನರು ಒಂದೆರಡು ಪುಟ ತಿರುಗಿಸಿ ನೋಡಿ, "ಇದನ್ನ ಮೆಷಿನ್‌ಗೆ ಕೊಡಬಾರದು ಸಾರ್, ಹಾಗೇ ಕಟ್ಟಿಕೊಡ್ತೀನಿ" ಎಂದರು, ಮತ್ತು ಹಾಗೆಯೇ ಮಾಡಿದರು. ಈ ಒಂದು ಕಾರಣಕ್ಕಾಗಿಯೇ ನಾನು ಈ ಅಂಗಡಿಯನ್ನು ಶಿಫಾರಸು ಮಾಡಬಲ್ಲೆ.

ಕೆಲಸದ ಗುಣಮಟ್ಟ ತಿಳಿಯಬೇಕಾದರೆ ರಟ್ಟನ್ನಲ್ಲ, ಹೊಲಿಗೆಯನ್ನು ನೋಡಬೇಕು. ಬಿಡಿ ಹಾಳೆಗಳ ಬೆನ್ನಿಗೆ ಗೋಂದು ಬಳಿದು ಅಂಟಿಸಿದ ಪುಸ್ತಕ ಪೀಠದ ಮೇಲೆ ತಾನಾಗಿ ಮುಚ್ಚಿಕೊಳ್ಳುತ್ತದೆ, ಬಲವಂತವಾಗಿ ಅಗಲಿಸಿದರೆ ಹಾಳೆ ಕಿತ್ತುಬರುತ್ತದೆ. ಇವರು ಹಳೆಯ ದಾರವನ್ನು ಬಿಚ್ಚಿ, ಒಂದೊಂದು ಮಡಿಕೆಯನ್ನೂ (ಒಟ್ಟಾಗಿ ಮಡಿಚಿದ ಹಾಳೆಗಳ ಕಟ್ಟನ್ನೂ) ಬೇರ್ಪಡಿಸಿ, ಹಿಂದೆ ಯಾರೋ ಹಚ್ಚಿದ್ದ ಸೆಲ್ಲೋಟೇಪನ್ನು ತಾಳ್ಮೆಯಿಂದ ಎಬ್ಬಿಸಿ, ಸವೆದ ಮಡಿಕೆಗಳ ಬೆನ್ನಿಗೆ ತೆಳುಕಾಗದ ಹಚ್ಚಿ, ಆಮೇಲೆ ಮಡಿಕೆಯ ನಡುವಿನಿಂದ ಕೈಯಲ್ಲೇ ಹೊಲಿದಿದ್ದಾರೆ. ಅಂಟಿಗೆ ಮೈದಾ ಕಾಯಿಸಿ ಮೈಲುತುತ್ತ ಬೆರೆಸುತ್ತಾರೆ. ಹುಳ ಹತ್ತದಿರಲು ಅದೇ ಹಳೆಯ ಕ್ರಮ. ಈಗ ಆದಿಕಾಂಡದ ಮೊದಲನೆಯ ಅಧ್ಯಾಯವನ್ನು ತೆರೆದರೂ ಪ್ರಕಟನೆಯ 22ನೆಯ ಅಧ್ಯಾಯವನ್ನು ತೆರೆದರೂ ಪುಸ್ತಕ ಕೈ ಒತ್ತದೆಯೇ ತೆರೆದು ನಿಲ್ಲುತ್ತದೆ. ಪೀಠದ ಸತ್ಯವೇದಕ್ಕೆ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ.

ಹೊಲಿಗೆ ಬಿಚ್ಚುವಾಗ ನಾನು ಪಕ್ಕದಲ್ಲಿಯೇ ಇದ್ದೆ. ಕೀರ್ತನೆಗಳ ಮಡಿಕೆಗಳಲ್ಲಿ ದಾರ ಸವೆದು ಎಳೆಯಷ್ಟೇ ಉಳಿದಿತ್ತು, ಹಾಳೆಗಳ ಕೆಳಮೂಲೆ ಬೆರಳು ತಾಗಿ ತಾಗಿ ಕಂದಿತ್ತು. ಯೋಹಾನನ ಸುವಾರ್ತೆಯಲ್ಲಿಯೂ ಹಾಗೆಯೇ. ಆದರೆ ಹಳೆಯ ಒಡಂಬಡಿಕೆಯ ಕೊನೆಯ ಭಾಗಕ್ಕೆ ಬಂದಾಗ ಯಜಮಾನರು ದಾರವನ್ನು ಎಳೆದು ನೋಡಿ, "ಇಲ್ಲಿ ಇನ್ನೂ ಗಟ್ಟಿ ಇದೆ" ಎಂದರು. ಅದು ಆಮೋಸನ ಪುಟ. ಸಬ್ಬತ್ತೆಂಬ ವಾರದ ವಿಶ್ರಾಂತಿಯ ದಿನ ಯಾವಾಗ ಮುಗಿದೀತು, ಅಂಗಡಿ ತೆರೆದು ಅಳತೆಯನ್ನು ಕಿರಿದು ಮಾಡಿ ತಕ್ಕಡಿಯಲ್ಲಿ ಮೋಸ ಮಾಡುವುದು ಯಾವಾಗ ಎಂದು ಕಾಯುವ ವರ್ತಕರನ್ನು ಆ ಪ್ರವಾದಿ 8ನೆಯ ಅಧ್ಯಾಯದಲ್ಲಿ ಖಂಡಿಸುತ್ತಾನೆ. ಪೇಟೆಯ ನಟ್ಟನಡುವೆ, ಹೊರಗೆ ಸಗಟು ವ್ಯಾಪಾರದ ಗದ್ದಲ ಕೇಳುತ್ತಿರುವಾಗ ಆ ಹಾಳೆಯ ಮೇಲೆ ನನ್ನ ಕಣ್ಣು ನಿಂತಿತು. ದುಃಖದಲ್ಲಿ ಆದರಿಸುವ ಮಾತನ್ನು ಸಭೆ ತಲೆಮಾರುಗಳಿಂದ ಓದಿದೆ, ಅದು ಒಳ್ಳೆಯದೇ. ಸೋಮವಾರದ ವ್ಯವಹಾರವನ್ನು ತೂಗಿ ನೋಡುವ ಮಾತು ಮಾತ್ರ ಬಹುಮಟ್ಟಿಗೆ ಮುಚ್ಚಿಯೇ ಉಳಿದಿದೆ. ನಮ್ಮಲ್ಲಿ ಅಂಗಡಿಯವರಿದ್ದಾರೆ, ಗುತ್ತಿಗೆದಾರರಿದ್ದಾರೆ, ಮನೆಗೆಲಸದವರಿಗೆ ಸಂಬಳ ಕೊಡುವವರಿದ್ದಾರೆ. ಅವರೆಲ್ಲರ ವಿಶ್ವಾಸಕ್ಕೂ ಆಮೋಸನು ಬೇಕು. ಆ ತಿಂಗಳಿನಿಂದಲೇ ಪ್ರಸಂಗಗಳನ್ನು ಆ ಪುಸ್ತಕದಿಂದ ಆರಂಭಿಸಿದ್ದೇನೆ.

ವಿಮೋಚನಕಾಂಡದ 31ನೆಯ ಅಧ್ಯಾಯದಲ್ಲಿ ದೇವರು ತನ್ನ ಆತ್ಮದಿಂದ ತುಂಬಿಸಿದೆನೆಂದು ಹೆಸರು ಹಿಡಿದು ಹೇಳುವುದು ಬೆಚಲೇಲನೆಂಬ ಕೈಕೆಲಸಗಾರನನ್ನು. ಕಸುಬನ್ನು ಪ್ರಸಂಗಕ್ಕಿಂತ ಕೆಳಗಿನದೆಂದು ಎಣಿಸುವವರು ಈ ಅಧ್ಯಾಯವನ್ನು ಓದಿಕೊಂಡು ಇಂಥ ಅಂಗಡಿಯಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳಬೇಕೆಂದು ನನ್ನ ಅಭಿಪ್ರಾಯ.

ಕೊರತೆಗಳನ್ನೂ ಹೇಳಬೇಕು. ಹೇಳಿದ ದಿನಕ್ಕೆ ಕೆಲಸ ಆಗಲಿಲ್ಲ; ಶಾಲೆ ತೆರೆಯುವ ಸಮಯವಾದ್ದರಿಂದ ನಮ್ಮದನ್ನು ಬದಿಗಿಟ್ಟಿದ್ದರು, ಫೋನ್ ಮಾಡಿದರೂ ಸರಿಯಾದ ಉತ್ತರ ಸಿಗಲಿಲ್ಲ. ಬೆನ್ನಿನ ಮೇಲಿನ ಚಿನ್ನದ ಬಣ್ಣದ ಅಕ್ಷರಗಳು ಒಂದು ಬದಿಗೆ ವಾಲಿವೆ. ಬಟ್ಟೆ ಹೊದಿಸಿದ ರಟ್ಟಿಗೆ, ಹೊಲಿಗೆಯೂ ಸೇರಿ, 1,200 ರೂಪಾಯಿ ತೆಗೆದುಕೊಂಡರು. ಕೈಹೊಲಿಗೆಗೆ ಅದು ಹೆಚ್ಚಲ್ಲ. ಚರ್ಮದ ಹೊದಿಕೆ ಕೇಳಿದರೆ ಬೆಲೆ ಬಹಳ ಏರುತ್ತದೆ, ಬೇಕೆಂದೂ ಇಲ್ಲ.

ಕೊಡುವವರು ಪುಸ್ತಕದೊಳಗಿನ ಬಿಡಿ ಚೀಟಿಗಳನ್ನು, ಫೋಟೋಗಳನ್ನು ತೆಗೆದಿಟ್ಟುಕೊಂಡು, ಅಂಚಿನ ಬರಹವಿರುವ ಪುಟಗಳ ಫೋಟೋ ಹಿಡಿದು, ಅಂಚು ಕತ್ತರಿಸಬಾರದೆಂದು ರಸೀದಿಯ ಮೇಲೆಯೇ ಬರೆಸಿಕೊಳ್ಳಿರಿ. ಮೇ, ಜೂನ್ ತಿಂಗಳುಗಳನ್ನು ತಪ್ಪಿಸಿರಿ. ಈಸ್ಟರ್ ಮುಗಿದ ಕೂಡಲೆ ಕೊಡಬಾರದು, ಆಗಸ್ಟ್ ಹೊತ್ತಿಗೆ ಕೊಟ್ಟರೆ ಕ್ರಿಸ್‌ಮಸ್ಸಿಗೆ ಬಹಳ ಮುಂಚೆಯೇ ಪುಸ್ತಕ ಪೀಠಕ್ಕೆ ಬರುತ್ತದೆ.